ನಲವತ್ತೇಳರ ಚೀಲ

ಚೆಂಡು ನನ್ನ ಮಗನ ಕೆನ್ನೆಗೆ ಬಡಿದ ಸದ್ದು ನನಗೆ ರೇಡಿಯೊದಲ್ಲಿ ಕೇಳಿಸಿತು.

ಭಾನುವಾರದ ಬೇಸ್‌ಬಾಲ್ ಆಟ. ಮನೆಯ ಮುಂದೆ ಒಲೆ ಹೂಡಿ ಮೀನು ಕರಿಯುತ್ತಿದ್ದೆ. ಬ್ಯಾಟಿಗೆ ಚೆಂಡು ತಾಗುವ ಸದ್ದು ಕೇಳುಗರಿಗೆ ಸಿಗಲಿ ಎಂದು ರೇಡಿಯೊದವರು ಹೋಮ್ ಪ್ಲೇಟಿನ ಹಿಂದೆ, ಬ್ಯಾಟು ಹಿಡಿದವನು ನಿಲ್ಲುವ ಜಾಗದಲ್ಲಿ, ಒಂದು ಮೈಕು ಇಟ್ಟಿರುತ್ತಾರೆ. ಅಂದು ಕೇಳಿಸಿದ್ದು ಮರದ ಸದ್ದಲ್ಲ. ಹಸಿ ತೆಂಗಿನಕಾಯಿಯನ್ನು ಕಲ್ಲಿಗೆ ಕುಕ್ಕಿದ ಹಾಗಿತ್ತು. ವಿವರಣೆ ಹೇಳುವವನು ಬಾಯಿ ಮುಚ್ಚಿದ. ಆಟದ ನಡುವೆ ರೇಡಿಯೊ ಸುಮ್ಮನಾಯಿತೆಂದರೆ ಏನೋ ಕೆಟ್ಟದ್ದು ನಡೆದಿದೆ ಎಂದು ನಮ್ಮ ದ್ವೀಪದಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು.

"ನೆಫ್ತಾಲಿ ಬಿದ್ದಿದಾನೆ," ಎಂದ ಆಮೇಲೆ. "ಎದ್ದೇಳ್ತಾ ಇಲ್ಲ. ದೇವರೇ, ನೆಲದ ಮೇಲೆ ರಕ್ತ..."

ಅಷ್ಟರಲ್ಲಿ ಜನರ ಕೂಗು ಎದ್ದು ಅವನ ಮಾತನ್ನು ನುಂಗಿತು. ಎರಡೂ ತಂಡದವರು ಮೈದಾನಕ್ಕೆ ನುಗ್ಗಿ ಹೊಡೆದಾಡುತ್ತಿದ್ದಾರೆ, ಬಾಟಲಿಗಳು ಬೀಳುತ್ತಿವೆ, ಯಾರೋ ಒಬ್ಬ ಬೇಲಿ ಹತ್ತುತ್ತಿದ್ದಾನೆ ಎಂದು ಅವನು ಕಿರುಚುತ್ತಿದ್ದ. ಬೇಲಿ ಹತ್ತುತ್ತಿದ್ದವನು ನನ್ನ ಗಂಡ ಎಂದು ಯಾರೂ ಹೇಳದೆಯೇ ನನಗೆ ತಿಳಿಯಿತು. ಎಣ್ಣೆಯ ಬಾಣಲೆಯನ್ನು ಇಳಿಸಿ, ಹಾಕಿದ್ದ ಏಪ್ರನ್‌ನಲ್ಲೇ ಓಡಿದೆ.

ಮಗನ ಎಡಗೆನ್ನೆಯ ಮೂಳೆ ಚೂರಾಗಿತ್ತು. ಡಾಕ್ಟರು ಲೋಹದ ಪಟ್ಟಿ ಇಟ್ಟು ಕೂಡಿಸಿದರು. ಕಣ್ಣಿನ ವಿಷಯ ಈಗಲೇ ಏನೂ ಹೇಳಲಾಗುವುದಿಲ್ಲ ಎಂದರು. ನನ್ನ ಗಂಡ ಲಿಯೊನ್ಸಿಯೊ ಆಸ್ಪತ್ರೆಯ ಹೊರಗೆ ಗೋಡೆಗೆ ಗುದ್ದಿ ಗುದ್ದಿ ಬೆರಳ ಗೆಣ್ಣುಗಳನ್ನು ಸುಲಿದುಕೊಂಡ. ನಾನು ಬೆಂಚಿನ ಮೇಲೆ ಕೂತು ಒಂದನ್ನೇ ಬೇಡಿಕೊಂಡೆ: ಬಿದ್ದ ಏಟು ಬಿತ್ತು, ಇದು ಇಲ್ಲಿಗೇ ನಿಲ್ಲಲಿ. ಇನ್ನೊಬ್ಬರ ಮೈಗೆ ದಾಟದಿರಲಿ. ಮಗ ಬದುಕುತ್ತಾನೆಂದು ಡಾಕ್ಟರು ಹೇಳಿದ್ದರು. ನನಗೆ ಭಯವಿದ್ದದ್ದು ಗಂಡನ ಬಗ್ಗೆ.

ಆ ಸಂಜೆ ಚೆಂಡು ಎಸೆದವನು ಆಸ್ಪತ್ರೆಗೆ ಬಂದ. ಹೆಸರು ರುತೀಲಿಯೊ. ಅಗಲ ಮುಖ, ಹಣೆಯ ಮೇಲೊಂದು ಹಳೆಯ ಗಾಯದ ಗುರುತು. ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತ ಕಾರಿಡಾರಿನ ಕೊನೆಯಲ್ಲಿ ನಿಂತಿದ್ದ.

"ದೋನ್ಯಾ, ನೀವು ನೆಫ್ತಾಲಿ ಅವರ ತಾಯಿನಾ?" ಎಂದ ಮರ್ಯಾದೆಯಿಂದ.

"ಹೌದಪ್ಪ."

"ಬೇಕಂತ ಎಸೀಲಿಲ್ಲಮ್ಮ. ನನ್ನ ಮಕ್ಕಳಾಣೆ. ಮೈಗೆ ಹತ್ತಿರ, ಒಳಗೆ ಎಸೆಯೋದೇ ನನ್ನ ಕೆಲಸ. ಇದೊಂದು ಮೇಲಕ್ಕೆ ಹಾರಿಬಿಡ್ತು."

"ಈಗ ಹೋಗು ಮಗಾ," ಎಂದೆ. "ಅವನಪ್ಪ ಮುಂದಿನ ಬಾಗಿಲಲ್ಲಿದಾನೆ. ಈ ಕಡೆ, ಬಟ್ಟೆ ಒಗೆಯೋರ ಬಾಗಿಲಿಂದ ಹೋಗು."

ಅವನನ್ನು ನಾನೇ ಹಿಂದಿನ ಬಾಗಿಲಿನಿಂದ ಕಳಿಸಿದೆ. ಅವನು ಬಂದದ್ದನ್ನು ಯಾರಿಗೂ ಹೇಳಲಿಲ್ಲ. ಆ ಮುಖ ಮಾತ್ರ ನನ್ನ ನೆನಪಿನಲ್ಲಿ ಉಳಿಯಿತು.

ಲಿಯೊನ್ಸಿಯೊ ಬೀದಿಯ ಮೂಲೆಯಲ್ಲಿ ಪಂಕ್ಚರ್ ಹಾಕುತ್ತಾನೆ. ಆದರೆ ಓಣಿಯವರ ಬಾಯಲ್ಲಿ ಅವನು ಮ್ಯಾನೇಜರು. ಪಕ್ಕದ ಅಂಗಡಿಯ ಮುಂದೆ ಡಾಮಿನೊ ಆಡುವ ಮೇಜಿದೆ. ಅಲ್ಲಿ ಕೂತು ನಮ್ಮೂರ ಹೆಜ್ಜಾರ್ಲೆ ತಂಡವನ್ನು ದಿನವೂ ಬಿಚ್ಚಿ ಜೋಡಿಸುವುದು ಅವನ ನಿಜವಾದ ಉದ್ಯೋಗ. ಮಧ್ಯಾಹ್ನದ ಕ್ರೀಡಾ ಕಾರ್ಯಕ್ರಮಕ್ಕೆ ಫೋನು ಮಾಡದಿದ್ದರೆ ಅವನಿಗೆ ಊಟ ಸೇರುವುದಿಲ್ಲ.

"ಆ ಹದಿನೆಂಟನ್ನ ಇನ್ನೂ ಯಾಕೆ ಇಟ್ಕೊಂಡಿದಾರ್ರೀ?" ಎಂದು ಫೋನಿನಲ್ಲಿ ಅರಚುತ್ತಿದ್ದ. "ಅವನ ಮಂಡಿ ನನ್ನ ಗಾಳಿಪಂಪಿಗಿಂತ ಜಾಸ್ತಿ ಕಿರುಗುಟ್ಟತ್ತೆ. ಆ ಮೂವತ್ತಮೂರು, ಉತ್ತರದಿಂದ ಬಂದ ಬಿಳಿಯ, ಅವನೂ ಬೇಡ. ಹುರುಳಿ ಅನ್ನ ತಿಂದು ಹೊಟ್ಟೆ ಕೆಟ್ಟು ಕ್ರಿಸ್‌ಮಸ್ಸಿಗೆ ಮುಂಚೆ ಮನೆಗೆ ಓಡ್ತಾನೆ, ಬರೆದಿಟ್ಕೊಳ್ಳಿ."

ಆಟಗಾರರ ಹೆಸರನ್ನು ಅವನು ಎಂದೂ ಹೇಳುತ್ತಿರಲಿಲ್ಲ. ಬೆನ್ನ ಮೇಲಿನ ಸಂಖ್ಯೆಯೇ ಅವನ ಪಾಲಿಗೆ ಹೆಸರು. "ಹೆಸರು ಅವರಮ್ಮಂದಿರಿಗೆ ಇರಲಿ," ಎನ್ನುತ್ತಿದ್ದ. ಸ್ವಂತ ಮಗ ತಂಡಕ್ಕೆ ಸೇರಿದ ಮೇಲೆ ಅವನನ್ನೂ "ನಮ್ಮ ಆರು" ಎಂದೇ ಕರೆಯತೊಡಗಿದ. "ನಮ್ಮ ಆರು ಎದ್ನಾ? ಅವನಿಗೆ ಮೊಟ್ಟೆ ಹಾಕಿದ್ಯಾ?" ನನಗೆ ನಗು ಬರುತ್ತಿತ್ತು.

ಎರಡು ವರ್ಷದಿಂದ ಅವನು ಹಿಡಿದಿದ್ದ ಹಟ ಒಂದೇ. ಬೆಟ್ಟದ ಕಡೆಯ ಇದ್ದಿಲಿನವರ ತಂಡದಲ್ಲಿರುವ ನಲವತ್ತೇಳನ್ನು ಹೇಗಾದರೂ ಮಾಡಿ ನಮ್ಮ ತಂಡಕ್ಕೆ ತರಬೇಕು. ನಲವತ್ತೇಳೆಂದರೆ ಈ ರುತೀಲಿಯೊ.

"ಅವನಿಗೆ ಹೆದರಿಕೆ ಅನ್ನೋದೇ ಇಲ್ಲ," ಎಂದು ಮೇಜು ಕುಟ್ಟುತ್ತಿದ್ದ. "ಪಕ್ಕೆಲುಬಿಗೆ ಒರೆಸೋ ಹಾಗೆ ಎಸೀತಾನೆ. ಎದುರಿಗೆ ನಿಂತೋನಿಗೆ ಮೊದಲು ಕಾಲು ನಡುಗ್ಬೇಕು, ಆಮೇಲೆ ಬ್ಯಾಟು. ನಮ್ಮೋರು ಎಸೆಯೋದು ನೋಡಿ, ಹೂವಿನ ಪೂಜೆ!"

ಮಗನಿಗೆ ಹೇಳುವಾಗ ಅದೇ ಮಾತಿನ ಇನ್ನೊಂದು ತುದಿ. "ಪ್ಲೇಟಿಗೆ ಒತ್ತಿ ನಿಂತ್ಕೋ. ಒಂದು ಬೆರಳು ಹಿಂದೆ ಸರಿದ್ಯೋ, ನೀನು ನನ್ನ ಮಗನೇ ಅಲ್ಲ."

ಜನವರಿಯಲ್ಲಿ ನಮ್ಮಲ್ಲೊಂದು ಪದ್ಧತಿ ಇದೆ. ಕೊನೆಯ ಸುತ್ತಿಗೆ ಬಾರದೆ ಹೊರಬಿದ್ದ ತಂಡಗಳ ಆಟಗಾರರನ್ನು ಉಳಿದ ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಾಗೆ ಬಂದವರಿಗೆ ಬಲದಾಳು ಎನ್ನುತ್ತೇವೆ. ನಿನ್ನೆಯವರೆಗೆ ನಿಮ್ಮ ಬೈಗುಳ ತಿಂದವನು ಇಂದು ನಿಮ್ಮ ಅಂಗಿ ತೊಟ್ಟು ಬರುತ್ತಾನೆ, ನೀವು ಅವನಿಗೆ ಚಪ್ಪಾಳೆ ತಟ್ಟಬೇಕು. ಆ ವರ್ಷ ಇದ್ದಿಲಿನವರು ಹೊರಬಿದ್ದರು.

ಆರಿಸುವ ದಿನ ಬೆಳಿಗ್ಗೆ ನಾನು ಎಣ್ಣೆ ತರಲು ಅಂಗಡಿಗೆ ಹೋಗಿದ್ದೆ. ಓಣಿಯ ಗಂಡಸರೆಲ್ಲ ರೇಡಿಯೊದ ಸುತ್ತ ನೆರೆದಿದ್ದರು. ಲಿಯೊನ್ಸಿಯೊ ಡಾಮಿನೊ ಹಲಗೆಗಳನ್ನು ಕೈಯಲ್ಲಿ ಹಿಡಿದಿದ್ದ. ಎದುರಿಗೆ ಚೇಲೊ. ಅವನು ಬೈಕಿನ ಮೇಲೆ ಮೀನು ಮಾರುವವನು, ನನ್ನ ಗಂಡನಿಗೆ ಹಳೆಯ ಗೆಳೆಯ, ನೆಫ್ತಾಲಿಗೆ ಚರ್ಚಿನಲ್ಲಿ ಹೆಸರಿಟ್ಟ ದಿನ ಕೂಸನ್ನು ಎತ್ತಿಕೊಂಡು ನಿಂತ ಧರ್ಮತಂದೆ. ಕೂಸಿನ ಅಪ್ಪನೂ ಧರ್ಮತಂದೆಯೂ ಒಬ್ಬರನ್ನೊಬ್ಬರು "ಕಂಪಾದ್ರೆ" ಎನ್ನುತ್ತಾರೆ, ಒಡಹುಟ್ಟಿದವರಿಗಿಂತ ಹೆಚ್ಚು.

"ಹೆಜ್ಜಾರ್ಲೆಗಳ ಮೊದಲ ಆಯ್ಕೆ," ಎಂದಿತು ರೇಡಿಯೊ. "ಇದ್ದಿಲಿನವರ ಎಸೆತಗಾರ, ರುತೀಲಿಯೊ ಬ್ರಾಸೊಬಾನ್!"

ಎಲ್ಲರೂ ಲಿಯೊನ್ಸಿಯೊನ ಕಡೆ ತಿರುಗಿದರು. ಚೇಲೊಗೆ ಮಾತ್ರ ಬಾಯಿ ತಡೆಯಲಾಗಲಿಲ್ಲ. ಅವನದು ಮೊದಲಿನಿಂದಲೂ ಅದೇ ರೋಗ.

"ನೋಡಪ್ಪಾ ಕಂಪಾದ್ರೆ! ಎರಡು ವರ್ಷ ನೀನು ಫೋನ್ ಮಾಡಿ ಮಾಡಿ ಬೇಡ್ಕೊಂಡಿದ್ದೆ. ಕೊನೆಗೂ ಮ್ಯಾನೇಜರ ಮಾತು ಕೇಳಿದ್ರು. ನಮ್ಮ ಆರರ ಮೇಲೆ ಪರೀಕ್ಷೆ ಮಾಡಿ ನೋಡಿದ್ರಂತೆ, ಮಾಲು ಗಟ್ಟಿಯಾಗಿದೆ ಅಂತ..."

ಮುಗಿಸಲಿಲ್ಲ. ಲಿಯೊನ್ಸಿಯೊ ಬಿಯರಿನ ದೊಡ್ಡ ಬಾಟಲಿಯನ್ನು ಕುತ್ತಿಗೆ ಹಿಡಿದು ಎತ್ತಿ ಅವನ ಮುಖಕ್ಕೆ ಅಪ್ಪಳಿಸಿದ. ಗಾಜು ಸಿಡಿಯಿತು. ಚೇಲೊನ ಹುಬ್ಬಿನಿಂದ ತುಟಿಯವರೆಗೆ ಸೀಳಿ, ಒಳಗಿನ ಬಿಳಿ ಒಂದು ಗಳಿಗೆ ಕಂಡು, ಆಮೇಲೆ ರಕ್ತ ಮುಚ್ಚಿಕೊಂಡಿತು. ಅವನು ಕುರ್ಚಿಸಮೇತ ಹಿಂದಕ್ಕೆ ಬಿದ್ದ. ಲಿಯೊನ್ಸಿಯೊ ಅವನ ಎದೆಯ ಮೇಲೆ ಕೂತು ಮುಷ್ಟಿಯಿಂದ ಹೊಡೆಯುತ್ತಲೇ ಇದ್ದ. ಡಾಮಿನೊ ಹಲಗೆಗಳು ರಕ್ತದಲ್ಲಿ ಜಾರುತ್ತಿದ್ದವು. ಜನ ಅವನ ಕೈಕಾಲು ಹಿಡಿದು ಬೀದಿಗೆ ಎಳೆದುಕೊಂಡು ಹೋದರು. ಅಲ್ಲಿಯೂ ಅವನು ಒದೆಯುತ್ತಿದ್ದ, ಕಚ್ಚುತ್ತಿದ್ದ.

ನಾನು ಚೇಲೊನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಏಪ್ರನ್ ಹರಿದು ಅವನ ಮುಖಕ್ಕೆ ಒತ್ತಿದೆ.

"ತಮಾಷೆಗಂದೆ ಕಣಕ್ಕಾ," ಎಂದು ಅವನು ರಕ್ತ ಉಗುಳುತ್ತ ಅತ್ತ. "ತಮಾಷೆಗೆ."

"ಗೊತ್ತಪ್ಪ. ಮಾತಾಡಬೇಡ. ಅಲುಗಾಡಬೇಡ."

ರೇಡಿಯೊ ತನ್ನಷ್ಟಕ್ಕೆ ಹೇಳುತ್ತಲೇ ಇತ್ತು. ಕೊನೆಯ ಸರದಿಯಲ್ಲಿ ನಮ್ಮವರು ಇದ್ದಿಲಿನವರಿಂದಲೇ ಇನ್ನೊಬ್ಬನನ್ನು ತೆಗೆದುಕೊಂಡರು. ವಿಲ್ಕಿನ್ ಎಂಬ ಹೊಸ ಕ್ಯಾಚರ್, ಪ್ಲೇಟಿನ ಹಿಂದೆ ಕೂತು ಚೆಂಡು ಹಿಡಿಯುವವನು. ಅದು ನನ್ನ ಕಿವಿಗೆ ಬಿತ್ತು. ಬೀದಿಯಲ್ಲಿ ಮಣ್ಣಿಗೆ ಮುಖ ಒತ್ತಿ ಹಿಡಿಸಿಕೊಂಡಿದ್ದ ನನ್ನ ಗಂಡನ ಕಿವಿಗೆ ಬೀಳಲಿಲ್ಲ.

ಮನೆಯಲ್ಲಿ ನೆಫ್ತಾಲಿ ಕಿಟಕಿಯ ಬಳಿ ಕೂತು ಕುಂಬಳಕಾಯಿಯ ಸಾರನ್ನು ಕೊಳವೆಯಲ್ಲಿ ಹೀರುತ್ತಿದ್ದ. ಅವನಿಗಿನ್ನೂ ಬಾಯಿ ಪೂರ್ತಿ ತೆರೆಯಲು ಬರುತ್ತಿರಲಿಲ್ಲ. ಅಪ್ಪ ಒಳಗೆ ಬಂದು ಬಕೆಟ್ಟಿನಲ್ಲಿ ಕೈ ಅದ್ದಿದ. ನೀರು ಕೆಂಪಾಯಿತು.

"ಧರ್ಮತಂದೆನ ಹೊಡೆದ್ಯಂತಲ್ಲಪ್ಪಾ," ಎಂದ ಮಗ. ಹಲ್ಲುಗಳ ನಡುವಿನಿಂದ ಮಾತು ನುಸುಳಿ ಬರುತ್ತಿತ್ತು.

"ಅವನ ಸುದ್ದಿ ಬಿಡು. ಮಂಗಳವಾರ ಇನ್ನೊಬ್ಬ ಬರ್ತಾನಲ್ಲ, ಅವನಿಗಿದೆ."

"ಏನು ಮಾಡ್ತೀಯ?"

"ಎಸೆಯೋ ಕೈ ಯಾವುದು ಅವನದು? ಬಲಗೈ. ಆ ಕೈಲಿ ಅವನು ಇನ್ನು ಚಮಚ ಎತ್ಕೂಡದು."

ನೆಫ್ತಾಲಿ ಬಟ್ಟಲನ್ನು ಕೆಳಗಿಟ್ಟ. "ಅಪ್ಪಾ, ಅವನನ್ನ ತಗೊಂಡಿದ್ದು ಸರಿ. ನಮಗೆ ಎಸೆಯೋ ಕೈ ಸಾಲ್ತಾ ಇಲ್ಲ. ನೀನೇ ಹೇಳ್ತಿದ್ದೆಯಲ್ಲ. ಅವನು ಇದ್ರೆ ಕಪ್ ಗೆಲ್ತೀವಿ."

"ನಿನ್ನ ಮುಖ ಕನ್ನಡೀಲಿ ನೋಡ್ಕೊಂಡಿದೀಯೇನೋ?"

"ನೋಡ್ಕೊಂಡಿದೀನಿ." ಅವನು ಅಪ್ಪನ ಕಡೆ ತಿರುಗಿದ. ಬೇಡ ಎಂದು ನಾನು ಕಣ್ಣಿನಲ್ಲೇ ಹೇಳಿದೆ. ಆದರೆ ನನ್ನ ಮಗ ಸುಳ್ಳು ಹೇಳಿ ಬೆಳೆದವನಲ್ಲ. "ಆ ಎಸೆತ ಅಷ್ಟೇನೂ ಒಳಗಿರಲಿಲ್ಲಪ್ಪ. ನಾನು ಪ್ಲೇಟಿನ ಮೇಲೇ ವಾಲಿದ್ದೆ. ನೀನು ಹೇಳ್ಕೊಟ್ಟ ಹಾಗೆ."

ಲಿಯೊನ್ಸಿಯೊನ ಮುಖದಲ್ಲಿ ಏನೋ ಕುಸಿದದ್ದನ್ನು ನಾನು ಕಂಡೆ. ಅವನು ಮೇಜನ್ನು ಮಗುಚಿ ಹಾಕಿದ. ಸಾರಿನ ಪಾತ್ರೆಯನ್ನು ಒದ್ದ. ಅದು ಗೋಡೆಗೆ ಬಡಿದು, ಹಳದಿ ಸಾರು ಗೋಡೆಯುದ್ದಕ್ಕೂ ಇಳಿಯಿತು. ಮಗನ ಕಡೆ ಕೈ ಎತ್ತಿದವನು ಆ ಪಟ್ಟಿ ಕಟ್ಟಿದ ಮುಖ ನೋಡಿ, ಕೈಯನ್ನು ಬಾಗಿಲಿಗೆ ಹೊಡೆದು ಹೊರಟುಹೋದ. ಕೊಲ್ಲಬೇಕೆಂದು ಅವನು ಹುಡುಕುತ್ತಿದ್ದದ್ದು ರುತೀಲಿಯೊನನ್ನಲ್ಲ. ಆದರೆ ಮನುಷ್ಯ ತನ್ನ ಕೈಯಿಂದ ತನ್ನನ್ನೇ ಹೇಗೆ ಹೊಡೆದುಕೊಂಡಾನು? ಎದುರಿಗೆ ಇನ್ನೊಬ್ಬ ಬೇಕು.

ಗೋಡೆ ಒರೆಸಿದೆ. ಪಂಕ್ಚರ್ ಅಂಗಡಿಗೆ ಹೋಗಿ, ಟೈರು ಬಿಚ್ಚುವ ಕಬ್ಬಿಣದ ಸಲಾಕೆಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ, ಕೋಳಿಗೂಡಿನ ಕೆಳಗೆ ತುರುಕಿದೆ. ಸೋಮವಾರ ಅವನು ಪೇಟೆಯಿಂದ ಹೊಸದೊಂದನ್ನು ತಂದ. ನಾನು ಪಾತ್ರೆ ತೊಳೆಯುತ್ತ ಮೆಲ್ಲಗೆ ಮಾತು ತೆಗೆದೆ.

"ಅವನ ಕೈ ಮುರಿದ್ರೆ ಮಗನ ಕಣ್ಣು ಬರತ್ತಾ?"

"ಎಮೆರೀ, ನೀನು ಮೀನು ಕರಿ."

"ನಿನ್ನನ್ನ ಹಿಡ್ಕೊಂಡು ಹೋಗ್ತಾರೆ. ಆಮೇಲೆ ಮಗ ನಿನ್ನ ಸಲುವಾಗಿ ಇನ್ಯಾರಿಗೋ ಹೊಡೀತಾನೆ. ಇದಕ್ಕೆ ಕೊನೆ ಎಲ್ಲಿ?"

"ಅವನ ಕೈ ಮುರಿದಾಗ ಕೊನೆ."

ಮಂಗಳವಾರ ಮಧ್ಯಾಹ್ನ ನಾನು ಒಲೆ ಹಚ್ಚಲೇ ಇಲ್ಲ. ಅವನಿಗಿಂತ ಮುಂಚೆ ಹೊರಟು ಕ್ರೀಡಾಂಗಣದಲ್ಲಿ ಆಟಗಾರರು ಒಳಗೆ ಹೋಗುವ ಗೇಟಿನ ಬಳಿ ನಿಂತೆ. ರುತೀಲಿಯೊನನ್ನು ಮೊದಲು ಕಂಡು, ಇನ್ನೊಂದು ಬಾಗಿಲಿನಿಂದ ಕಳಿಸಿಬಿಡಬೇಕು ಎಂಬುದು ನನ್ನ ಲೆಕ್ಕ. ಒಮ್ಮೆ ಕಳಿಸಿದ್ದೆನಲ್ಲ. ಆದರೆ ಅಲ್ಲಿ ನೂಕುನುಗ್ಗಲು. ನೀಲಿ ಬಾವುಟ, ಡೋಲು, ತುತ್ತೂರಿ. ಕಳೆದ ತಿಂಗಳು ಅವನ ತಲೆಗೆ ಬಾಟಲಿ ಎಸೆದಿದ್ದ ಜನವೇ ಈಗ ಅವನ ಹೆಸರಿಟ್ಟು ಹಾಡು ಕಟ್ಟಿ ಕುಣಿಯುತ್ತಿದ್ದರು. ಗುಂಪು ನನ್ನನ್ನು ಗೋಡೆಯ ಕಡೆಗೆ ಒತ್ತಿತು. ರಸ್ತೆಯ ಆಚೆ, ಕಬ್ಬಿನ ಹಾಲಿನ ಗಾಡಿಯ ಹಿಂದೆ ಲಿಯೊನ್ಸಿಯೊ ನಿಂತಿದ್ದ. ಅವನ ಬಲಗೈ ಅಂಗಿಯ ಕೆಳಗಿತ್ತು.

ವ್ಯಾನು ಬಂದು ನಿಂತಿತು. ಮೊದಲು ಇಳಿದವನು ಎತ್ತರದ ಯುವಕ. ಹೆಗಲ ಮೇಲೆ ಎರಡು ಚೀಲ, ಬೆನ್ನಿಗೊಂದು. ಇದ್ದಿಲಿನವರ ಕಪ್ಪು ಚೀಲಗಳು. ಬಲದಾಳುಗಳು ಹಳೆಯ ತಂಡದ ಚೀಲದೊಂದಿಗೇ ಬರುತ್ತಾರೆ. ಬೆನ್ನಿನ ಚೀಲದ ಮೇಲೆ ಬಿಳಿ ಅಕ್ಷರದಲ್ಲಿ ನಲವತ್ತೇಳು ಎಂದಿತ್ತು.

ನಾನು ಮುಖ ನೋಡಿದೆ. ಉದ್ದ ಮುಖ, ಮೀಸೆ ಈಗಷ್ಟೇ ಕಪ್ಪಾಗುತ್ತಿದೆ, ಹಣೆಯ ಮೇಲೆ ಗಾಯವಿಲ್ಲ. ಇವನು ಅವನಲ್ಲ. ಹಳಬರ ಚೀಲವನ್ನು ಹೊಸಬ ಹೊರಬೇಕು, ಅದು ಎಲ್ಲ ತಂಡಗಳಲ್ಲೂ ನಡೆದು ಬಂದ ರೂಢಿ. ನೆಫ್ತಾಲಿಯೂ ಮೊದಲ ವರ್ಷ ಹೀಗೇ ಹೊತ್ತು, ಹೆಗಲು ಕೆಂಪಾಗಿಸಿಕೊಂಡು ಬರುತ್ತಿದ್ದ. ಲಿಯೊನ್ಸಿಯೊಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಆದರೆ ಅವನು ಬದುಕಿನುದ್ದಕ್ಕೂ ಆಟಗಾರರ ಮುಖ ನೋಡಿದವನಲ್ಲ.

"ಅವನಲ್ಲ!" ಎಂದು ಕೂಗಿದೆ. "ಲಿಯೊ, ಅವನಲ್ಲ ಕಣೋ!"

ಡೋಲಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಲಿಯೊನ್ಸಿಯೊ ರಸ್ತೆ ದಾಟಿ ಓಡಿ ಬಂದು ಸಲಾಕೆ ಬೀಸಿದ. ಮೊದಲ ಏಟು ಮೊಣಕೈಗೆ. ಯುವಕ ಕಿರುಚಿ ಚೀಲಗಳ ಸಮೇತ ಮುಗ್ಗರಿಸಿದ. ಅವನ ಬಲಗೈ ನೆಲಕ್ಕೆ ಊರಿತು, ಬೆರಳು ಅಗಲಿಸಿ. ಅದರ ಮೇಲೆ ಎರಡನೆಯ ಏಟು. ಮೂರನೆಯದು. ಒಣ ಕಬ್ಬು ಲಟಕ್ಕನೆ ಮುರಿದ ಹಾಗೆ ಸದ್ದಾಯಿತು. ಜನರ ಕಾಲುಗಳ ನಡುವೆ ನುಗ್ಗಿ ನಾನು ಆ ಕೈಯ ಮೇಲೆ ಬಿದ್ದೆ. ನಾಲ್ಕನೆಯ ಏಟು ನನ್ನ ಭುಜಕ್ಕೆ ಬಿತ್ತು. ಕಣ್ಣು ಕತ್ತಲಿಟ್ಟಿತು.

"ಎಮೆರೀ?" ಎಂದ ಲಿಯೊನ್ಸಿಯೊ, ಸಲಾಕೆಯನ್ನು ಮೇಲೆತ್ತಿದ ಹಾಗೇ.

"ಇವನಲ್ಲ," ಎಂದೆ. "ಮುಖ ನೋಡು. ಒಂದ್ಸಲ ಮುಖ ನೋಡು."

ಅವನು ನೋಡಿದ. ಅಷ್ಟರಲ್ಲಿ ಜನ ಅವನ ಮೇಲೆ ಬಿದ್ದರು.

"ನಮ್ಮ ಬಲದಾಳಿಗೆ ಹೊಡೀತಾನೆ!" "ಬೇರೆ ತಂಡದೋರು ಕಳಿಸಿದಾರೆ ಇವನನ್ನ!" "ಹಾಕ್ರೋ!" ಬಾವುಟದ ಕೋಲುಗಳಿಂದ, ಬೂಟುಗಳಿಂದ, ಡೋಲು ಬಾರಿಸುವ ಕಟ್ಟಿಗೆಯಿಂದ ಹೊಡೆದರು. ಮ್ಯಾನೇಜರನ್ನು ಗುರುತು ಹಿಡಿದವರೂ ಹೊಡೆದರು. ಅವನು ಒಂದೂ ಏಟನ್ನು ತಡೆಯಲಿಲ್ಲ. ಕೈಗಳನ್ನು ಪಕ್ಕಕ್ಕೆ ಬಿಟ್ಟು ಬಿದ್ದುಕೊಂಡ. ಅವನ ಪಕ್ಕೆಗೆ ಬೂಟು ಹೊಕ್ಕಾಗಲೆಲ್ಲ ಬಾಯಿಂದ ಗಾಳಿ ಮಾತ್ರ ಬರುತ್ತಿತ್ತು.

ವ್ಯಾನಿನಿಂದ ರುತೀಲಿಯೊ ಜಿಗಿದ. "ಬಿಡ್ರೋ! ಸಾಯಿಸ್ತೀರೇನ್ರೋ!" ಎಂದು ಕೂಗುತ್ತ ಇಬ್ಬರನ್ನು ಎತ್ತಿ ಬಿಸಾಡಿದ, ಮೂರನೆಯವನ ಮೂಗಿಗೆ ಗುದ್ದಿದ. ಅವನ ಹೆಸರು ಹೇಳಿ ಹೊಡೆಯುತ್ತಿದ್ದವರು ಅವನ ಕೈಯಿಂದಲೇ ಪೆಟ್ಟು ತಿಂದ ಮೇಲೆ ಹಿಂದೆ ಸರಿದರು. ಆಮೇಲೆ ಅವನು ನನ್ನ ಕಡೆ ತಿರುಗಿದ. ಗುರುತು ಸಿಕ್ಕಿತು.

"ದೋನ್ಯಾ, ಏಳಿ. ವಿಲ್ಕಿನ್‌ನನ್ನ ಗಾಡಿಗೆ ಹಾಕೋಣ."

ಒಂದು ಕಡೆ ನನ್ನ ಗಂಡ, ಮಣ್ಣಿನಲ್ಲಿ. ಇನ್ನೊಂದು ಕಡೆ ಆ ಯುವಕ, ಅವನ ಕೈ ನನ್ನ ಮಡಿಲಲ್ಲಿ. ಕೈ ಎನ್ನುವ ಹಾಗಿರಲಿಲ್ಲ ಅದು. ಊದಿ, ತಿರುಚಿ, ಒಂದು ಬೆರಳಿನಿಂದ ಮೂಳೆಯ ಚೂಪು ಹೊರಬಂದಿತ್ತು. ಅವನು "ಅಮ್ಮಾ, ಅಮ್ಮಾ" ಎನ್ನುತ್ತಿದ್ದ. ನಾನು ಅವನೊಂದಿಗೆ ಗಾಡಿ ಹತ್ತಿದೆ.

ಲಿಯೊನ್ಸಿಯೊನನ್ನು ಆಮೇಲೆ ಯಾರೋ ಅದೇ ಆಸ್ಪತ್ರೆಗೆ ತಂದರು. ಪಕ್ಕೆಲುಬು ಮುರಿದಿದ್ದವು. ಎದೆಗೆ ಪಟ್ಟಿ ಸುತ್ತಿ ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿದ್ದರು. ಓಣಿಯ ಗಂಡಸರು ಆಗಲೇ ಬಂದು ನಿಂತಿದ್ದರು. ಚೇಲೊ ಕೂಡ, ಮುಖದುದ್ದಕ್ಕೂ ಹೊಲಿಗೆ ಹಾಕಿಸಿಕೊಂಡು. ಪೊಲೀಸಿನವನು ಒಬ್ಬೊಬ್ಬರನ್ನೇ ಕೇಳುತ್ತ ಬಂದ.

"ಆ ಹುಡುಗನಿಗೆ ಯಾರು ಹೊಡೆದದ್ದು?"

"ನೂಕುನುಗ್ಗಲು ಸಾರ್. ಯಾರಿಗೆ ಗೊತ್ತು?"

"ಹೊರಗಿನೋನು ಯಾವನೋ. ಓಡಿಹೋದ."

"ಕಂಪಾದ್ರೆ ಬಿಡಿಸೋಕೆ ಹೋಗಿ ಏಟು ತಿಂದ," ಎಂದ ಚೇಲೊ, ಒಡೆದ ತುಟಿಯಿಂದ. ತನ್ನ ಮುಖ ಸೀಳಿದವನನ್ನು ಕಾಯುತ್ತಿದ್ದ ಅವನು. ಅವನನ್ನು ಕಂಡು ನನಗೆ ಅಳು ಬಂತು. ನಮ್ಮ ಓಣಿಯ ಮರ್ಯಾದೆ ಹಾಗೆ: ಒಳಗೆ ಏನೇ ಹೊಡೆದಾಡಿಕೊಳ್ಳಲಿ, ಹೊರಗಿನವನ ಮುಂದೆ ಬಾಯಿ ಬಿಡಬಾರದು.

ಪೊಲೀಸಿನವನು ನನ್ನ ಮುಂದೆ ನಿಂತ. ನೆಫ್ತಾಲಿ ನನ್ನ ಪಕ್ಕದಲ್ಲಿದ್ದ. ಸುದ್ದಿ ಕೇಳಿ ಕಣ್ಣಿನ ಪಟ್ಟಿಯೊಂದಿಗೇ ಓಡಿ ಬಂದಿದ್ದ. ಅವನು ಬಾಗಿ ಪಿಸುಗುಟ್ಟಿದ: "ಅಮ್ಮಾ, ಗೊತ್ತಿಲ್ಲ ಅನ್ನು. ನಾಳೆ ಅಪ್ಪನ್ನ ಹೊಡೆದ ನನ್ಮಕ್ಕಳನ್ನ ನಾನು ನೋಡ್ಕೋತೀನಿ. ಒಬ್ಬೊಬ್ಬರನ್ನೂ ಹುಡುಕ್ತೀನಿ."

ಅವನ ದನಿ ಅಪ್ಪನದೇ ಆಗಿತ್ತು. ಪಟ್ಟಿ ಕಟ್ಟಿದ ಆ ಮುಖವನ್ನು ನೋಡಿದೆ.

"ಹೊಡೆದದ್ದು ನನ್ನ ಗಂಡ," ಎಂದೆ ಪೊಲೀಸಿನವನಿಗೆ. "ಲಿಯೊನ್ಸಿಯೊ. ಅಲ್ಲಿ ಕೂತಿದಾನಲ್ಲ, ಅವನು. ನಾನು ನೋಡಿದೆ."

ಓಣಿಯವರು ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದರು. ಒಬ್ಬ ಕಾರಿಡಾರಿನಲ್ಲೇ ಉಗಿದ. "ಗಂಡನ್ನೇ ಮಾರ್ಕೊಂಡಳು," ಎಂದ ಇನ್ನೊಬ್ಬ. ಚೇಲೊ ಮಾತ್ರ ತಲೆ ತಗ್ಗಿಸಿದ. ಪೊಲೀಸಿನವನು ಲಿಯೊನ್ಸಿಯೊನ ಕೈಗೆ ಬೇಡಿ ಹಾಕಿದ. ಅವನು ಎದ್ದು, ನಡೆಯುತ್ತ ಬಂದು ನನ್ನೆದುರು ನಿಂತ. ಬೈಯುತ್ತಾನೆಂದುಕೊಂಡೆ.

"ಆ ಹುಡುಗನ ಹೆಸರೇನು?" ಎಂದು ಕೇಳಿದ.

"ವಿಲ್ಕಿನ್."

"ಆಡ್ತಾನಾ ಇನ್ನು?"

"ಇಲ್ಲ ಅಂದ್ರು."

ಅವನ ಗಂಟಲಿನಿಂದ ಒಂದು ಸದ್ದು ಬಂತು. ಎಳೆದುಕೊಂಡು ಹೋದರು.

ಸಂಜೆಯ ಹೊತ್ತಿಗೆ ವಿಲ್ಕಿನ್‌ನ ತಾಯಿ ಬೆಟ್ಟದಿಂದ ಬಂದಳು. ಸಣ್ಣ ಹೆಂಗಸು. ಕಾಫಿ ಕೊಯ್ಲಿನಿಂದ ನೇರ ಬಂದಿದ್ದಳೇನೋ, ಬೆರಳುಗಳು ಕಂದಾಗಿದ್ದವು, ಸೊಂಟದಲ್ಲಿ ಬುಟ್ಟಿ ಕಟ್ಟುವ ಹಗ್ಗ ಹಾಗೇ ಇತ್ತು. ಮಗನನ್ನು ನೋಡಿ ಹೊರಗೆ ಬಂದಳು. ಅವಳ ಕಣ್ಣು ಒದ್ದೆಯಾಗಿರಲಿಲ್ಲ.

"ಹೊಡೆದೋನ ಹೆಂಡ್ತಿ ಯಾರು?"

"ನಾನಮ್ಮ," ಎಂದು ಎದ್ದು ನಿಂತೆ.

ಅವಳು ನನ್ನ ಕೆನ್ನೆಗೆ ಹೊಡೆದಳು. ಕಿವಿ ಗುಂಯ್ ಎಂದಿತು. ಮತ್ತೆ ಹೊಡೆದಳು. ಆಮೇಲೆ ಆ ಹಗ್ಗವನ್ನೇ ಬಿಚ್ಚಿ ಭುಜಕ್ಕೆ, ಕುತ್ತಿಗೆಗೆ, ಏಟು ಬಿದ್ದು ಊದಿದ್ದ ಜಾಗಕ್ಕೇ ಬಾರಿಸಿದಳು. ತುಟಿ ಒಡೆದು ಉಪ್ಪುಪ್ಪಾಯಿತು. ನಾನು ಮುಖ ಮುಚ್ಚಿಕೊಳ್ಳಲಿಲ್ಲ. "ಅವನ ಕೈ! ಅವನ ಕೈ ನಾನು ಹೆತ್ತದ್ದು!" ಎಂದು ಅವಳು ಪ್ರತಿ ಏಟಿಗೂ ಕೂಗುತ್ತಿದ್ದಳು.

ನೆಫ್ತಾಲಿ ನುಗ್ಗಿ ಬಂದ. ಅವಳ ಭುಜ ಹಿಡಿದು ಗೋಡೆಗೆ ತಳ್ಳಿದ, ಮುಷ್ಟಿ ಮೇಲೆತ್ತಿದ. ಅವನ ಒಂದು ಕಣ್ಣು ಕೆಂಪಾಗಿ ಉರಿಯುತ್ತಿತ್ತು. ನಾನು ಎರಡೂ ಕೈಯಿಂದ ಅವನ ಮಣಿಕಟ್ಟನ್ನು ಹಿಡಿದುಕೊಂಡೆ. ಭುಜದ ನೋವಿಗೆ ಹಲ್ಲು ಕಚ್ಚಿ ನೇತುಬಿದ್ದೆ.

"ಬಿಡಮ್ಮಾ!"

"ಬಿಡಲ್ಲ."

"ನಿನ್ನ ಬಾಯಿಂದ ರಕ್ತ ಬರ್ತಾ ಇದೆ!"

"ಬರಲಿ. ಅವಳು ಹೊಡೀಲಿ. ನೀನು ಕೈ ಇಳಿಸು ಮಗಾ."

ಅವನು ಜಗ್ಗಿದ. ನಾನು ಅವನ ಜೊತೆ ಜಗ್ಗಿಹೋದೆ, ಕೈ ಬಿಡಲಿಲ್ಲ. ಅವನ ನಾಡಿ ನನ್ನ ಹೆಬ್ಬೆರಳ ಕೆಳಗೆ ಹುಚ್ಚು ಹಿಡಿದಂತೆ ಬಡಿಯುತ್ತಿತ್ತು. ಆ ಹೆಂಗಸು ಗೋಡೆಗೊರಗಿ ನಮ್ಮಿಬ್ಬರನ್ನೂ ನೋಡುತ್ತಿದ್ದಳು, ಹಗ್ಗ ಹಿಡಿದ ಕೈ ಇನ್ನೂ ಮೇಲೆಯೇ ಇತ್ತು. ಕಾರಿಡಾರಿನ ಗಂಡಸರಲ್ಲಿ ಯಾರೂ ಅಲುಗಲಿಲ್ಲ. ಬಹಳ ಹೊತ್ತಿನ ಮೇಲೆ ಅವನ ಬೆರಳು ಒಂದೊಂದಾಗಿ ಬಿಚ್ಚಿಕೊಂಡವು. ಆಗ ಅವಳು ಹಗ್ಗವನ್ನು ಕೆಳಗೆ ಬಿಟ್ಟು ಅಲ್ಲೇ ನೆಲದ ಮೇಲೆ ಕುಸಿದಳು. ನಾನು ಮಗನ ಕೈ ಹಿಡಿದುಕೊಂಡೇ ಅವಳ ಪಕ್ಕದಲ್ಲಿ ಕೂತೆ.